ಸಂಘದ ಎರಡು ಲಕ್ಷ ರೂಪಾಯಿ: ಅತಿ ಹೆಚ್ಚು ಉಪಯೋಗ ಆಗುವಂತೆ ಖರ್ಚು ಮಾಡುವುದು ಹೇಗೆ?

ಉಡುಪಿ, ಮಂಗಳೂರು ಕಡೆಯ ಸಂಘಗಳಿಗೆ ದುಡ್ಡು ಎತ್ತುವುದನ್ನು ಯಾರೂ ಕಲಿಸಬೇಕಾಗಿಲ್ಲ. ಗಣೇಶೋತ್ಸವದ ರಶೀದಿ ಪುಸ್ತಕ, ಅಷ್ಟಮಿಯ ವೇಷ, ಕ್ರಿಕೆಟ್ ಟೂರ್ನಮೆಂಟ್, ದುಬೈ-ದೋಹಾದಲ್ಲಿರುವ ಊರಿನವರ ವಾಟ್ಸಾಪ್ ಗುಂಪು, ಇಷ್ಟಿದ್ದರೆ ಎರಡು ಲಕ್ಷ ಒಂದು ವಾರದ ಕೆಲಸ. ಆ ದುಡ್ಡನ್ನು ಎಲ್ಲಿ ಹಾಕಬೇಕು ಎಂಬ ತೀರ್ಮಾನ ಮಾತ್ರ ಸಭೆಯ ಕೊನೆಗೆ, "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು" ಎಂಬಲ್ಲಿ, ಚಹಾ ಬಂದ ಮೇಲೆ ಐದು ನಿಮಿಷದಲ್ಲಿ ಆಗುತ್ತದೆ. ಕಳೆದ ವರ್ಷ ಮಾಡಿದ್ದನ್ನೇ ಈ ವರ್ಷವೂ ಮಾಡುವುದು ಎಂದು ಬರೆದು ಮುಗಿಸುತ್ತಾರೆ.

ಆ ಐದು ನಿಮಿಷವನ್ನು ಮೂರು ವಾರಕ್ಕೆ ಹಿಗ್ಗಿಸುವುದು ಹೇಗೆ, ಆ ಮೂರು ವಾರದಲ್ಲಿ ಏನೇನು ಮಾಡಬೇಕು ಎಂಬುದು ಇಲ್ಲಿದೆ. ಉದಾಹರಣೆಗೆ ಒಂದು ಸಂಘ, ಅದರ ಕೈಯಲ್ಲಿ ₹2,00,000, ಮುಂದೆ ಮೂರು ಸಲಹೆ: ಶಾಲಾ ಮಕ್ಕಳಿಗೆ ನೋಟ್‌ಬುಕ್, ಒಂದು ಮಗುವಿನ ಶಸ್ತ್ರಚಿಕಿತ್ಸೆಗೆ ನೆರವು, ಬೀಡಿ ಕಟ್ಟುವ ಹೆಂಗಸರಿಗೆ ಚಾಳೀಸು ಕನ್ನಡಕ.

1. ಮೊದಲು ಒಂದು ವಾಕ್ಯ ಬರೆಯಿರಿ

"ಆರೋಗ್ಯ ಸೇವೆ", "ಶಿಕ್ಷಣಕ್ಕೆ ಪ್ರೋತ್ಸಾಹ" ಎಂದು ಬರೆದರೆ ಲೆಕ್ಕ ಅಲ್ಲಿಗೇ ನಿಂತಿತು. ಯಾರಿಗೆ, ಎಷ್ಟು ಜನರಿಗೆ, ಏನು ಬದಲಾಗಬೇಕು, ಎಷ್ಟು ದಿನದೊಳಗೆ ಎಂಬ ನಾಲ್ಕೂ ಒಂದೇ ವಾಕ್ಯದಲ್ಲಿ ಇರಲಿ. "ಬಂಟ್ವಾಳ ಕಡೆಯ ಹತ್ತು ಬೀಡಿ ಬ್ರಾಂಚುಗಳಲ್ಲಿ, 40 ದಾಟಿದ, ಹತ್ತಿರದ್ದು ಸರಿಯಾಗಿ ಕಾಣದ ಹೆಂಗಸರು ಮೂರು ತಿಂಗಳ ನಂತರವೂ ಕನ್ನಡಕ ಹಾಕಿಕೊಂಡು ಕೆಲಸ ಮಾಡುತ್ತಿರಬೇಕು." ಇದು ಸರಿಯಾದ ವಾಕ್ಯ. (ಬ್ರಾಂಚು ಎಂದರೆ ಎಲೆ ಅಳೆದು ಕೊಟ್ಟು, ಕಟ್ಟಿದ ಬೀಡಿ ತೆಗೆದುಕೊಳ್ಳುವ ಜಾಗ.) "500 ಕನ್ನಡಕ ವಿತರಣೆ" ಸರಿಯಾದ ವಾಕ್ಯವಲ್ಲ. ವಿತರಣೆ ನಾವು ಮಾಡುವ ಕೆಲಸ, ಅವರಿಗೆ ಆಗುವ ಉಪಕಾರ ಬೇರೆ.

ಇದೇ ಹಂತದಲ್ಲಿ ಕಿಸೆ ಎರಡು ಮಾಡಿ. ಬ್ರಹ್ಮಕಲಶದ ಹೊರೆಕಾಣಿಕೆ, ಅನ್ನದಾನ, ಹರಕೆಯ ಯಕ್ಷಗಾನದ ಆಟ, ಚರ್ಚಿನ ಹಬ್ಬ, ಉರೂಸ್, ಇವು ಭಕ್ತಿಯ ಮತ್ತು ಊರಿನ ಕಿಸೆ. ಅದನ್ನು ತಕ್ಕಡಿಯಲ್ಲಿ ಇಡಲು ಹೋದರೆ ಜಗಳ ಬಿಟ್ಟು ಬೇರೇನೂ ಹುಟ್ಟುವುದಿಲ್ಲ, ಇಡಬೇಕಾಗಿಯೂ ಇಲ್ಲ. ಮುಂದೆ ಹೇಳುವ ಲೆಕ್ಕವೆಲ್ಲ ಎರಡನೆಯ ಕಿಸೆಗೆ, ಅಂದರೆ "ಯಾರಿಗಾದರೂ ಉಪಕಾರ ಆಗಲಿ" ಎಂದು ತೆಗೆದಿಟ್ಟ ದುಡ್ಡಿಗೆ ಮಾತ್ರ.

2. ನಾವು ಕೊಡದಿದ್ದರೆ ಏನಾಗುತ್ತಿತ್ತು?

ಇಡೀ ವಿಷಯದಲ್ಲಿ ಒಂದೇ ಪ್ರಶ್ನೆ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಕೆಲಸ ಒಳ್ಳೆಯದೇ ಎಂದು ಕೇಳಿದರೆ ಎಲ್ಲದಕ್ಕೂ ಹೌದು ಎಂಬ ಉತ್ತರ ಬರುತ್ತದೆ. ನಮ್ಮ ದುಡ್ಡು ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಕೇಳಿದಾಗಲೇ ವ್ಯತ್ಯಾಸ ತಿಳಿಯುವುದು.

ನೋಟ್‌ಬುಕ್ಕಿನಿಂದ ಶುರು ಮಾಡಿ. ಸರ್ಕಾರಿ ಶಾಲೆಯ ಮಗುವಿಗೆ ಪಠ್ಯಪುಸ್ತಕ, ಸಮವಸ್ತ್ರ, ಶೂ, ಮಧ್ಯಾಹ್ನದ ಊಟ ಸರ್ಕಾರದಿಂದ ಬರುತ್ತದೆ. ಉಳಿದದ್ದು ನೋಟ್‌ಬುಕ್, ಅದನ್ನು ಜೂನ್ ಮೊದಲ ವಾರ ಕೊಡುವವರು ನೀವೊಬ್ಬರೇ ಅಲ್ಲ. ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ, "ಕಳೆದ ವರ್ಷ ಎಷ್ಟು ಸಂಘದವರು ಬಂದಿದ್ದರು, ಆಗಸ್ಟ್‌ನಲ್ಲಿ ಎಷ್ಟು ಪುಸ್ತಕ ಉಳಿದಿತ್ತು?" ಎಂದು ಕೇಳಿ. ಹೆದ್ದಾರಿ ಬದಿಯ ಶಾಲೆಗೆ ಮೂರು ಬ್ಯಾನರ್ ಬಂದಿರುತ್ತದೆ, ಒಳಗಿನ ಶಾಲೆಗೆ ಒಂದೂ ಬಂದಿರುವುದಿಲ್ಲ.

ಇನ್ನು ಶಸ್ತ್ರಚಿಕಿತ್ಸೆಯ ಮನವಿ. ಮಗುವಿನ ಫೋಟೋ, ಆಸ್ಪತ್ರೆಯ ಅಂದಾಜು ಪಟ್ಟಿ, ಕೆಳಗೆ ಬ್ಯಾಂಕ್ ಖಾತೆ ಸಂಖ್ಯೆ. ಇಲ್ಲಿ ಲೆಕ್ಕ ಹಾಕುವುದು ಕಟುಕತನ ಅನಿಸಬಹುದು, ಆದರೆ ಆ ಕುಟುಂಬಕ್ಕೆ ಹೆಚ್ಚು ದುಡ್ಡು ಸಿಗುವ ದಾರಿ ಲೆಕ್ಕದಿಂದಲೇ ತೆರೆಯುತ್ತದೆ. ದುಡ್ಡು ಕಳಿಸುವ ಮೊದಲು ಈ ನಾಲ್ಕು ವಿಚಾರಿಸಿ.

ರೇಷನ್ ಕಾರ್ಡ್ ಯಾವುದು? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ₹1.5 ಲಕ್ಷದ ಮಿತಿಯಲ್ಲಿ. ಎರಡನೆಯದು, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇದೆಯೇ? ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಅದು ಬೇಕು. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಹೋಗಬೇಕು. ಮೊದಲು ಖಾಸಗಿ ಆಸ್ಪತ್ರೆಗೆ ಸೇರಿಸಿ, ಮುಂಗಡ ಕಟ್ಟಿ, ಆಮೇಲೆ ಪತ್ರಕ್ಕೆ ಓಡಾಡುವುದು ಇಲ್ಲಿ ಪದೇಪದೇ ಆಗುವ ತಪ್ಪು. ಮೂರನೆಯದು, ಮನೆಯಲ್ಲಿ ಯಾರಿಗಾದರೂ ಕಾರ್ಮಿಕರ ವಿಮೆಯಾದ ಇಎಸ್‌ಐ ಇದೆಯೇ? ನಾಲ್ಕನೆಯದು, ಹುಟ್ಟಿನಿಂದ ಬಂದ ಹೃದಯದ ತೊಂದರೆಯೇ? ಹಾಗಿದ್ದರೆ 18 ವರ್ಷದೊಳಗಿನ ಮಕ್ಕಳನ್ನು ತಪಾಸಣೆ ಮಾಡಿ ಚಿಕಿತ್ಸೆಗೆ ಕಳಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಾಲೂಕಿನಲ್ಲೇ ಇದೆ. ವಿಷಯ ತಿಳಿದ ಒಬ್ಬ ಸದಸ್ಯ ಅರ್ಧ ದಿನ ಈ ಕುಟುಂಬದ ಜೊತೆ ಓಡಾಡಿದರೆ ಸಿಗುವುದು ಸಂಘ ಕೊಡುವ ₹20,000ಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಇಷ್ಟೆಲ್ಲ ಆದ ಮೇಲೂ ಕೊರತೆ ಉಳಿದರೆ, ಎಷ್ಟು ಉಳಿದಿದೆ ಎಂದು ನೋಡಿ. ₹20 ಲಕ್ಷ ಬೇಕು, ₹3 ಲಕ್ಷ ಸೇರಿದೆ ಎಂದಾದರೆ ನಿಮ್ಮ ಎರಡು ಲಕ್ಷದಿಂದ ಶಸ್ತ್ರಚಿಕಿತ್ಸೆ ನಡೆಯುವ ಸಾಧ್ಯತೆ ಹೆಚ್ಚು ಬದಲಾಗುವುದಿಲ್ಲ. ₹18 ಲಕ್ಷ ಸೇರಿದ್ದರೆ ನಿಮ್ಮದೇ ಕೊನೆಯ ಮೆಟ್ಟಿಲು. ದುಡ್ಡು ಅಷ್ಟೇ, ಕೆಲಸ ಬೇರೆ.

ರಕ್ತದಾನದಲ್ಲೂ ಇದೇ ಪ್ರಶ್ನೆ. ಸ್ವಾತಂತ್ರ್ಯೋತ್ಸವ, ನಾಯಕರ ಹುಟ್ಟುಹಬ್ಬ ಎಂದು ಒಂದೇ ವಾರ ಹತ್ತು ಶಿಬಿರ ಮಾಡುತ್ತೇವೆ. ಕೆಂಪು ರಕ್ತಕಣ ಉಳಿಯುವುದು 35ರಿಂದ 42 ದಿನ, ಪ್ಲೇಟ್‌ಲೆಟ್ ಐದೇ ದಿನ. ಕಾಲೇಜುಗಳು ಮುಚ್ಚಿರುವ ಏಪ್ರಿಲ್-ಮೇಯಲ್ಲಿ, ಮಳೆಗಾಲದ ಡೆಂಗಿ ದಿನಗಳಲ್ಲಿ ಕೊಟ್ಟ ಬಾಟಲಿಯ ಬೆಲೆಯೇ ಬೇರೆ. ಶಿಬಿರದ ತಾರೀಕನ್ನು ರಕ್ತನಿಧಿಯವರನ್ನು ಕೇಳಿ ಇಡಿ. ಅತಿಥಿಗಳ ಡೈರಿ ನೋಡಿ ಇಡಬೇಡಿ.

3. ಇದು ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆ ಏನು?

ಪುರಾವೆಯಲ್ಲಿ ಮೇಲು-ಕೆಳಗು ಉಂಟು. ಎಲ್ಲಕ್ಕಿಂತ ಕೆಳಗೆ ಫೋಟೋ ಮತ್ತು ಕೃತಜ್ಞತಾ ಪತ್ರ. ಅದಕ್ಕಿಂತ ಮೇಲೆ "ಮೊದಲು ಹೀಗಿತ್ತು, ಈಗ ಹೀಗಾಗಿದೆ" ಎಂಬ ಲೆಕ್ಕ. ಅದಕ್ಕೂ ಮೇಲೆ, ಪಡೆದವರನ್ನು ಪಡೆಯದವರೊಂದಿಗೆ ಹೋಲಿಸಿದ ಲೆಕ್ಕ. ಆ ಎರಡು ಗುಂಪನ್ನು ಚೀಟಿ ಎತ್ತಿ ಮಾಡಿದ್ದರೆ ಇನ್ನೂ ಮೇಲು, ಏಕೆಂದರೆ ಆಗ ಹುಷಾರಿ ಇದ್ದವರು ಒಂದೇ ಕಡೆ ಸೇರಿಕೊಳ್ಳುವುದಿಲ್ಲ. ಬಡತನದ ಕೆಲಸಗಳಲ್ಲಿ ಈ ಚೀಟಿ ಎತ್ತುವ ಪದ್ಧತಿಯನ್ನು ಬಳಕೆಗೆ ತಂದದ್ದಕ್ಕೇ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೀಮರ್ ಅವರಿಗೆ 2019ರ ಅರ್ಥಶಾಸ್ತ್ರದ ನೊಬೆಲ್ ಬಂದದ್ದು.

ಹೋಲಿಕೆಯ ಗುಂಪು ಏಕೆ ಬೇಕು ಎಂಬುದಕ್ಕೆ ನಮ್ಮ ಮೂರನೆಯ ಸಲಹೆಯೇ ಸಾಕ್ಷಿ. ಅಸ್ಸಾಮಿನ ಚಹಾ ತೋಟಗಳಲ್ಲಿ, 40 ದಾಟಿದ, ಚಾಳೀಸು ಬಂದ 751 ಕೆಲಸಗಾರರಲ್ಲಿ ಚೀಟಿ ಎತ್ತಿ ಅರ್ಧದಷ್ಟು ಜನರಿಗೆ ಹತ್ತಿರದ ಕನ್ನಡಕ ಕೊಟ್ಟರು. ಫಲಿತಾಂಶ ಪ್ರಕಟವಾದದ್ದು 2018ರಲ್ಲಿ. ಕನ್ನಡಕ ಸಿಕ್ಕವರು ದಿನಕ್ಕೆ ಕೀಳುವ ಎಲೆ 25 ಕಿಲೋದಿಂದ 34.8 ಕಿಲೋಗೆ ಏರಿತು. ಇಷ್ಟೇ ನೋಡಿದರೆ "ಸುಮಾರು ಹತ್ತು ಕಿಲೋ ಹೆಚ್ಚಾಯಿತು" ಎಂದು ಬ್ಯಾನರ್ ಹಾಕಬಹುದು. ಆದರೆ ಕನ್ನಡಕ ಸಿಗದವರದ್ದೂ 26ರಿಂದ 30.6ಕ್ಕೆ ಏರಿತ್ತು. ಅದು ಕನ್ನಡಕವಿಲ್ಲದೆಯೂ ಬರುತ್ತಿದ್ದ ಏರಿಕೆ. ಅದನ್ನು ಕಳೆದರೆ ಕನ್ನಡಕದ ಪಾಲು ಐದು ಕಿಲೋ ಚಿಲ್ಲರೆ, ಶೇಕಡಾ 21.7. ಅರ್ಧದಷ್ಟು ಬಿದ್ದುಹೋಯಿತು, ಆದರೂ ಉಳಿದದ್ದು ದೊಡ್ಡದೇ. ಬಾಂಗ್ಲಾದೇಶದಲ್ಲಿ 35ರಿಂದ 65 ವಯಸ್ಸಿನವರ ಮೇಲೆ ಇದೇ ರೀತಿ ಮಾಡಿದ ಪ್ರಯೋಗದಲ್ಲಿ (2024ರಲ್ಲಿ ಪ್ರಕಟ) ಎಂಟು ತಿಂಗಳ ನಂತರ ಕನ್ನಡಕದವರ ತಿಂಗಳ ಆದಾಯ ಉಳಿದವರಿಗಿಂತ ಶೇ. 33ರಷ್ಟು ಹೆಚ್ಚಿತ್ತು.

ಪುರಾವೆ ನಮ್ಮ ಅಂದಾಜನ್ನು ತಲೆಕೆಳಗು ಮಾಡುವುದೂ ಉಂಟು. ಕೀನ್ಯಾದ ಹಳ್ಳಿ ಶಾಲೆಗಳಿಗೆ ಉಚಿತ ಪಠ್ಯಪುಸ್ತಕ ಕೊಟ್ಟಾಗ ತರಗತಿಯ ಸರಾಸರಿ ಅಂಕ ಏರಲಿಲ್ಲ. ಮೊದಲೇ ಚೆನ್ನಾಗಿ ಓದುತ್ತಿದ್ದವರಿಗೆ ಮಾತ್ರ ಪ್ರಯೋಜನವಾಯಿತು, ಏಕೆಂದರೆ ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ, ಉಳಿದ ಮಕ್ಕಳಿಗೆ ಓದಲೇ ಬರುತ್ತಿರಲಿಲ್ಲ. ಶಿಕ್ಷಣಕ್ಕೇ ಹಾಕಬೇಕು ಎಂದು ಸಂಘ ಹಟ ಹಿಡಿದರೆ, ಮಕ್ಕಳನ್ನು ತರಗತಿ ಬಿಟ್ಟು ಓದುವ ಮಟ್ಟದ ಪ್ರಕಾರ ಗುಂಪು ಮಾಡಿ ದಿನಕ್ಕೆ ಒಂದೆರಡು ಗಂಟೆ ಕಲಿಸುವ ಕ್ರಮಕ್ಕೆ ಹಾಕಿ. ಪ್ರಥಮ್ ಸಂಸ್ಥೆ ಬೆಳೆಸಿದ ಈ ಕ್ರಮಕ್ಕೆ ನಮ್ಮ ದೇಶದಲ್ಲೇ ಗಟ್ಟಿ ಪುರಾವೆ ಇದೆ.

ಇನ್ನೊಂದು ರಾಜಸ್ಥಾನದ ಉದಯಪುರದ್ದು. ಲಸಿಕೆ ಹಾಕಿಸಲು ಬಂದರೆ ಒಂದು ಕಿಲೋ ಬೇಳೆ, ಎಲ್ಲ ಲಸಿಕೆ ಮುಗಿದರೆ ಊಟದ ತಟ್ಟೆ. ಏನೂ ಮಾಡದ ಊರುಗಳಲ್ಲಿ ಪೂರ್ತಿ ಲಸಿಕೆ ಆದ ಮಕ್ಕಳು ಶೇ. 6, ತಪ್ಪದೆ ಶಿಬಿರ ನಡೆಸಿದಲ್ಲಿ ಶೇ. 18, ಶಿಬಿರದ ಜೊತೆ ಬೇಳೆಯೂ ಇದ್ದಲ್ಲಿ ಶೇ. 39. ಬೇಳೆ ಕೊಟ್ಟರೆ ಖರ್ಚು ಹೆಚ್ಚಾಗಬೇಕಲ್ಲ? ಒಂದು ಮಗುವಿಗೆ ಪೂರ್ತಿ ಲಸಿಕೆ ಹಾಕಿಸುವ ಖರ್ಚು ಸುಮಾರು ಅರ್ಧಕ್ಕೆ ಇಳಿಯಿತು. ನರ್ಸ್ ಹೇಗೂ ಬಂದು ಕೂತಿರುತ್ತಾರೆ. ನಾಲ್ಕು ಮಕ್ಕಳು ಬಂದರೂ ನಲವತ್ತು ಬಂದರೂ ಆ ದಿನದ ಖರ್ಚು ಒಂದೇ.

4. ಅಲ್ಲಿ ಆದದ್ದು ಇಲ್ಲಿ ಆಗುತ್ತದೆಯೇ?

ಅತಿ ಹೆಚ್ಚು ಎಡವುವುದು ಇಲ್ಲಿ. ಪುರಾವೆಯ ಸಂಖ್ಯೆಯನ್ನು ಹೊತ್ತು ತರುವ ಬದಲು ಅದು ಅಲ್ಲಿ ಯಾವ ಕಾರಣಕ್ಕೆ ಕೆಲಸ ಮಾಡಿತು ಎಂದು ನೋಡಿ, ಆ ಕಾರಣ ಇಲ್ಲಿಯೂ ಇದೆಯೇ ಎಂದು ಪರೀಕ್ಷಿಸಬೇಕು.

ಸೊಳ್ಳೆಪರದೆಯನ್ನೇ ತೆಗೆದುಕೊಳ್ಳಿ. ಆಫ್ರಿಕಾದಲ್ಲಿ ಔಷಧಿ ಲೇಪಿಸಿದ ಸೊಳ್ಳೆಪರದೆಯಷ್ಟು ಅಗ್ಗವಾಗಿ ಜೀವ ಉಳಿಸುವ ಕೆಲಸಗಳು ಕೆಲವೇ. ಮಂಗಳೂರಿನಲ್ಲೂ ಮಲೇರಿಯಾ ಉಂಟಲ್ಲ, ಹಂಚೋಣ ಎನ್ನಬಹುದು. ಆದರೆ ಆಫ್ರಿಕಾದಲ್ಲಿ ಸಾಯುವವರು ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳು, ಅಲ್ಲಿನದು ಫಾಲ್ಸಿಪಾರಂ ಎಂಬ ಬಗೆಯ ಮಲೇರಿಯಾ, ಸೊಳ್ಳೆ ಕಚ್ಚುವುದು ರಾತ್ರಿ ಮನೆಯೊಳಗೆ. ಮಂಗಳೂರಿನಲ್ಲಿ ಹೆಚ್ಚಿನದು ವೈವಾಕ್ಸ್ ಎಂಬ ಇನ್ನೊಂದು ಬಗೆ. ಸೊಳ್ಳೆ ಹುಟ್ಟುವುದು ಕಟ್ಟಡದ ಕ್ಯೂರಿಂಗ್ ನೀರು, ಮುಚ್ಚದ ಟ್ಯಾಂಕ್, ಬಾವಿಯಲ್ಲಿ. ಹೆಚ್ಚು ಸಿಕ್ಕಿಬೀಳುವುದು ಸೈಟಿನಲ್ಲೇ ಮಲಗುವ ಹೊರರಾಜ್ಯದ ಕಾರ್ಮಿಕರು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರಕ್ಕೆ ಸ್ವಲ್ಪ ಹೆಚ್ಚು ಬೇಕು, ಹಾಗಾಗಿ ವಾರಕ್ಕೊಮ್ಮೆ ನೀರು ಚೆಲ್ಲಿ ಒಣಗಿಸಿದರೆ ಸಂತಾನ ಅಲ್ಲಿಗೇ ನಿಂತಿತು. ವೈವಾಕ್ಸ್ ಯಕೃತ್ತಿನಲ್ಲಿ ಅಡಗಿದ್ದು ಮರಳಿ ಬರುವುದರಿಂದ ವೈದ್ಯರು ಕೊಡುವ 14 ದಿನದ ಪ್ರೈಮಾಕ್ವಿನ್ ಮಾತ್ರೆ ಪೂರ್ತಿ ಮುಗಿಸಬೇಕು, ಆದರೆ ಜ್ವರ ಮೂರನೇ ದಿನಕ್ಕೆ ಬಿಟ್ಟ ಕೂಡಲೇ ಮಾತ್ರೆ ನುಂಗುವುದೂ ನಿಂತುಹೋಗುತ್ತದೆ. ಇಲ್ಲಿ ಪರದೆ ಹಂಚುವುದಕ್ಕಿಂತ ವಾರಕ್ಕೊಮ್ಮೆ ಸೈಟಿಗೆ ಹೋಗಿ ನೀರು ಚೆಲ್ಲಿಸುವ, ಮಾತ್ರೆ ಎಣಿಸುವ ಇಬ್ಬರು ಸ್ವಯಂಸೇವಕರು ಮೇಲು.

ಈಗ ಕನ್ನಡಕಕ್ಕೆ ಬನ್ನಿ. ಚಹಾ ತೋಟದಲ್ಲಿ ಎಲೆಗೆ ಕೊರತೆಯಿಲ್ಲ. ಹೆಚ್ಚು ಕಿತ್ತಷ್ಟೂ ಹೆಚ್ಚು ತೂಗುತ್ತದೆ. ಬೀಡಿಯಲ್ಲಿ ಹಾಗಲ್ಲ. ಎಲೆ, ಹೊಗೆಸೊಪ್ಪು, ನೂಲು ಬ್ರಾಂಚಿನಿಂದ ಅಳೆದು ಕೊಡುತ್ತಾರೆ. ಒಬ್ಬರಿಗೆ ದಿನಕ್ಕೆ 500 ಬೀಡಿಯ ಎಲೆಯೇ ಸಿಗುವುದಾದರೆ ಕಣ್ಣು ಎಷ್ಟು ಚೆನ್ನಾಗಿ ಕಂಡರೂ ಬೀಡಿ 501 ಆಗುವುದಿಲ್ಲ. ಆಗ ಲಾಭ ಎರಡೇ: ಬ್ರಾಂಚಿನಲ್ಲಿ ತಿರಸ್ಕರಿಸುವ ಬೀಡಿ ಕಡಿಮೆಯಾಗುತ್ತದೆ, ಸಂಜೆ ಒಂದು ಗಂಟೆ ಉಳಿಯುತ್ತದೆ. ಶಂಕರಪುರ ಕಡೆ ಮಲ್ಲಿಗೆ ಕಟ್ಟುವವರಿಗೆ ಮಿತಿ ಬೇರೆ. ಒಂದು ಚೆಂಡು ಎಂದರೆ ಸುಮಾರು 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅರಳುವ ಮೊದಲೇ ಕಟ್ಟಿ ಮುಗಿಸಬೇಕು. ಅಲ್ಲಿ ವೇಗವೇ ದುಡ್ಡು. ಗೇರುಬೀಜದ ಕಾರ್ಖಾನೆಯಲ್ಲಿ ಕಿಲೋ ಲೆಕ್ಕದಲ್ಲಿ ಸಿಪ್ಪೆ ತೆಗೆಯುವವರು, ಮಲ್ಪೆಯಲ್ಲಿ ಬಲೆ ದುರಸ್ತಿ ಮಾಡುವವರು, ಪ್ರತಿಯೊಂದಕ್ಕೂ ಇದೇ ರೀತಿ ವಿಚಾರಿಸಿ: ಕೂಲಿ ಯಾವ ಲೆಕ್ಕದಲ್ಲಿ, ಸಾಮಗ್ರಿಗೆ ಮಿತಿ ಉಂಟೇ?

(ಬೀಡಿಯೇ ಆರೋಗ್ಯಕ್ಕೆ ಹಾನಿ, ಅದನ್ನು ಕಟ್ಟಲು ನೆರವಾಗುವುದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಊರಿನಲ್ಲಿ ಎಷ್ಟು ಬೀಡಿ ಎಂದು ತೀರ್ಮಾನಿಸುವುದು ಎಲೆ ಅಳೆಯುವವರು, ಕಟ್ಟುವವರ ಕಣ್ಣಲ್ಲ.)

5. ಲೆಕ್ಕ ಹಾಕಿ, ಒಂದಲ್ಲ, ಮೂರು

ಈ ಕೆಳಗಿನದು ಮಾದರಿ ಲೆಕ್ಕ. ದರಗಳನ್ನು ನಿಮ್ಮಲ್ಲಿನ ದರಕ್ಕೆ ತಿದ್ದಿಕೊಳ್ಳಿ.

ಹತ್ತು ಕಡೆ ಶಿಬಿರ, ಒಂದೊಂದಕ್ಕೆ 80 ಜನರಂತೆ 800 ತಪಾಸಣೆ. ನೂರಕ್ಕೆ ಅರವತ್ತು ಮಂದಿಗೆ ಬೇಕಾಗುತ್ತದೆ ಎಂದರೆ 480 ಕನ್ನಡಕ. ಖರೀದಿ 550, ಒಂದಕ್ಕೆ ₹130ರಂತೆ ₹71,500. ಕಣ್ಣು ಪರೀಕ್ಷಿಸುವ ಆಪ್ಟೊಮೆಟ್ರಿಸ್ಟ್ ಹತ್ತು ದಿನಕ್ಕೆ ₹25,000. ವಾಹನ ₹15,000. ಚಾರ್ಟ್, ಟೇಪು, ಮುದ್ರಣ ₹6,000. ಮೂರು ತಿಂಗಳ ನಂತರದ ಮನೆಭೇಟಿಗೆ ₹12,000. ರೆಡಿಮೇಡ್ ಕನ್ನಡಕ ಆಗದವರನ್ನು ಕಣ್ಣಾಸ್ಪತ್ರೆಗೆ ಕರೆದೊಯ್ಯಲು, ಅವರ ಬೇರೆ ಕನ್ನಡಕಕ್ಕೆ 40 ಜನರಿಗೆ ₹1,000ದಂತೆ ₹40,000. ಒಟ್ಟು ₹1,69,500. ಉಳಿದ ₹30,500 ಮುಂದಿನ ವರ್ಷ ಗೀರುಬಿದ್ದ, ಮುರಿದ ಕನ್ನಡಕ ಬದಲಿಸಲು ಬ್ಯಾಂಕಿನಲ್ಲಿರಲಿ.

ಇನ್ನು ಎರಡು ಗೊತ್ತಿಲ್ಲದ ಸಂಖ್ಯೆ: ಮೂರು ತಿಂಗಳ ನಂತರ ಎಷ್ಟು ಜನ ಹಾಕಿಕೊಂಡಿರುತ್ತಾರೆ, ಆದಾಯ ಎಷ್ಟು ಏರುತ್ತದೆ. ಗೊತ್ತಿಲ್ಲ ಎಂದು ಲೆಕ್ಕ ಬಿಡಬೇಡಿ, ಮೂರು ಸಲ ಹಾಕಿ. ತಿಂಗಳ ಗಳಿಕೆ ₹4,000 ಇರಲಿ, ಕನ್ನಡಕದ ಬಾಳಿಕೆ ಒಂದು ವರ್ಷ.

ಕೆಟ್ಟ ಲೆಕ್ಕ: ಶೇ. 40 ಮಂದಿ, ಅಂದರೆ 192 ಜನ ಹಾಕುತ್ತಾರೆ, ಗಳಿಕೆ ಬರೀ ಶೇ. 3 ಏರುತ್ತದೆ (ತಿರಸ್ಕಾರ ಕಡಿಮೆಯಾದದ್ದಷ್ಟೇ). ತಿಂಗಳಿಗೆ ₹120, ವರ್ಷಕ್ಕೆ ಎಲ್ಲರದೂ ಸೇರಿ ₹2,76,480. ಹಾಕಿದ ಒಂದು ರೂಪಾಯಿಗೆ ₹1.38.

ನಡುವಿನ ಲೆಕ್ಕ: ಶೇ. 70, ಅಂದರೆ 336 ಜನ, ಏರಿಕೆ ಶೇ. 10. ವರ್ಷಕ್ಕೆ ₹16,12,800. ರೂಪಾಯಿಗೆ ಎಂಟು.

ಒಳ್ಳೆಯ ಲೆಕ್ಕ: ಶೇ. 85, ಅಂದರೆ 408 ಜನ, ಏರಿಕೆ ಚಹಾ ತೋಟದಂತೆ ಶೇ. 20. ವರ್ಷಕ್ಕೆ ₹39,16,800. ರೂಪಾಯಿಗೆ ಹತ್ತೊಂಬತ್ತೂವರೆ.

ಪಕ್ಕದಲ್ಲಿ ನೋಟ್‌ಬುಕ್ ಇಡಿ. ₹250ರ ಕಟ್ಟು 800 ಮಕ್ಕಳಿಗೆ. ಪ್ರತಿ ಮನೆಗೆ ಉಳಿದದ್ದು ₹250, ಹೋಲ್‌ಸೇಲ್ ದರದಲ್ಲಿ ಕೊಂಡಿದ್ದರೆ ಅಂಗಡಿ ಬೆಲೆ ಸ್ವಲ್ಪ ಹೆಚ್ಚು. ರೂಪಾಯಿಗೆ ಒಂದೂಕಾಲು ಎಂದು ಧಾರಾಳವಾಗಿ ಹಿಡಿಯೋಣ. ಬೇರೆ ಸಂಘವೂ ಅದೇ ಶಾಲೆಗೆ ಕೊಟ್ಟಿದ್ದರೆ ಒಂದಕ್ಕಿಂತ ಕೆಳಗೆ. ಅಂದರೆ ಕನ್ನಡಕದ ಕೆಟ್ಟ ಲೆಕ್ಕವೂ ನೋಟ್‌ಬುಕ್ಕಿನ ಒಳ್ಳೆಯ ಲೆಕ್ಕಕ್ಕಿಂತ ಕೂದಲೆಳೆ ಮೇಲಿದೆ. ತೀರ್ಮಾನಕ್ಕೆ ಇಷ್ಟು ಸಾಕು, ಪೈಸೆ ಲೆಕ್ಕ ಬೇಡ. ಎರಡು ಕೆಲಸಗಳ ಮೂರೂ ಲೆಕ್ಕ ಒಂದರ ಮೇಲೊಂದು ಬಿದ್ದಿದ್ದರೆ ಮಾತ್ರ ಇನ್ನಷ್ಟು ವಿಚಾರಿಸಬೇಕು.

ಜೀವ ಉಳಿಸುವ ಕೆಲಸವನ್ನು ರೂಪಾಯಿ ಗಳಿಕೆಯೊಂದಿಗೆ ಹೀಗೆ ನೇರವಾಗಿ ತೂಗಲಾಗುವುದಿಲ್ಲ. ಊರಿನ ಪಕ್ಕ ಬಿಟ್ಟುಹೋದ ಕೆಂಪುಕಲ್ಲಿನ ಕೋರೆ ಇದ್ದು, ಮಳೆಗಾಲದಲ್ಲಿ ನೀರು ತುಂಬಿ, ಮಕ್ಕಳು ಈಜಲು ಹೋಗುವ ಜಾಗವಾಗಿದ್ದರೆ ಬೇಲಿಯ ಖರ್ಚನ್ನು ಕನ್ನಡಕದ ಪಟ್ಟಿಯ ಕೆಳಗೆ ಬರೆಯಬೇಡಿ, ಬೇರೆ ಹಾಳೆಯಲ್ಲಿ ಬರೆದು ಮೊದಲು ಅದನ್ನೇ ಚರ್ಚಿಸಿ. ಇಂಥ ಕೋರೆಗೆ ಯಾರೂ ರಶೀದಿ ಪುಸ್ತಕ ಹಿಡಿಯುವುದಿಲ್ಲ. ಯಾರೂ ಕೇಳದ ಕೆಲಸದಲ್ಲೇ ಮೊದಲ ರೂಪಾಯಿ ಹೆಚ್ಚು ದೂರ ಹೋಗುವುದು.

6. ಶಿಬಿರ ನಡೆಸುವುದು

ಜಾಗ: ಸಭಾಭವನ ಬೇಡ. ಬ್ರಾಂಚಿಗೆ ಬೀಡಿ ತಂದುಕೊಡುವ ದಿನ ಬೆಳಿಗ್ಗೆ ಅದೇ ಜಗಲಿಯಲ್ಲಿ ಮೇಜು ಹಾಕಿ, ಇಲ್ಲವೇ ಸ್ವಸಹಾಯ ಸಂಘದ ವಾರದ ಸಭೆಗೇ ಹೋಗಿ. ಒಂದು ದಿನದ ಕೂಲಿ ಬಿಟ್ಟು ಬನ್ನಿ ಎಂದರೆ, ಬರಬೇಕಾದವರೇ ಬರುವುದಿಲ್ಲ.

ಮೊದಲು ದೂರದ ದೃಷ್ಟಿ. ಚಾರ್ಟಿನಿಂದ ಆರು ಮೀಟರ್ ದೂರದಲ್ಲಿ ಕೂರಿಸಿ, ಒಂದೊಂದೇ ಕಣ್ಣು. ಯಾವುದೇ ಕಣ್ಣಿನಲ್ಲಿ 6/12 ಸಾಲು ಬರದಿದ್ದರೆ ರೆಡಿಮೇಡ್ ಕನ್ನಡಕ ಕೊಡಬೇಡಿ, ಕಣ್ಣಾಸ್ಪತ್ರೆಗೆ ಕಳಿಸಿ. ಕಣ್ಣುಪಾಪೆ ಬೆಳ್ಳಗಿದ್ದರೆ, ಕೆಂಪು, ನೋವು ಇದ್ದರೆ, ಸಕ್ಕರೆ ಕಾಯಿಲೆ ಇದ್ದು ವರ್ಷದಿಂದ ಕಣ್ಣು ತೋರಿಸದಿದ್ದರೆ ಕೂಡ ಹಾಗೇ. ಅಗ್ಗದ ಕನ್ನಡಕ ಕೊಟ್ಟು ಸಮಾಧಾನ ಮಾಡಿ ಗ್ಲಾಕೋಮಾದಂಥ ಕಣ್ಣಿನ ಕಾಯಿಲೆ ಮುಚ್ಚಿಹೋದರೆ ಅದು ಉಪಕಾರವಲ್ಲ, ಅಪಕಾರ.

ಆಮೇಲೆ ಹತ್ತಿರದ್ದು. 40 ಸೆಂಟಿಮೀಟರ್‌ನಲ್ಲಿ ಹತ್ತಿರದ ಚಾರ್ಟಿನ ಎನ್8 ಸಾಲು. ದೂರವನ್ನು ಕಣ್ಣಂದಾಜಿನಲ್ಲಿ ಹಿಡಿಯಬೇಡಿ, ಚಾರ್ಟಿಗೇ 40 ಸೆಂಟಿಮೀಟರ್ ದಾರ ಕಟ್ಟಿ. ಓದಲು ಬಾರದವರಿಗೆ ಅಕ್ಷರದ ಬದಲು ನಾಲ್ಕು ದಿಕ್ಕಿಗೆ ತಿರುಗಿದ ಚಿಹ್ನೆಯ ಚಾರ್ಟ್ ಇರಲಿ. ಪವರ್ ಅಂದಾಜಿಗೆ ವಯಸ್ಸು: 40–44ಕ್ಕೆ +1.00, 45–49ಕ್ಕೆ +1.50, 50–54ಕ್ಕೆ +2.00, ಅದರ ಮೇಲೆ +2.50. ಇದು ಆರಂಭ ಮಾತ್ರ. ಸ್ಪಷ್ಟವಾಗಿ ಕಾಣುವ ಪವರ್‌ಗಳಲ್ಲಿ ಅತಿ ಕಡಿಮೆಯದನ್ನೇ ಕೊಡಿ. ಕೊನೆಯ ಪರೀಕ್ಷೆ ಚಾರ್ಟಿನಲ್ಲಿ ಬೇಡ. ಮಡಿಲಲ್ಲಿ ತಡ್ಪೆ (ಬೀಡಿ ಕಟ್ಟುವಾಗ ಇಟ್ಟುಕೊಳ್ಳುವ ಮೊರ) ಇಟ್ಟು, ಒಂದು ಎಲೆ, ಒಂದು ಎಳೆ ನೂಲು ಕೊಟ್ಟು, "ಅಕ್ಕ, ಒಂದು ಬೀಡಿ ಕಟ್ಟಿ ನೋಡಿ, ಎಲೆಯ ನರ ಕಾಣ್ತದಾ?" ಎಂದು ಕೇಳಿ. ಪವರ್ ಹೆಚ್ಚಾಗಿದ್ದರೆ ಅವರು ತಲೆ ತಗ್ಗಿಸಿ ತಡ್ಪೆಯ ಹತ್ತಿರ ಹೋಗುತ್ತಾರೆ, ಅದು ಕೂಡಲೇ ಗೊತ್ತಾಗುತ್ತದೆ. ಆ ಕನ್ನಡಕ ಕೊಟ್ಟರೆ ಒಂದು ವಾರದಲ್ಲಿ ಕುತ್ತಿಗೆ ನೋವು, ಎರಡನೇ ವಾರ ಅದು ಕಪಾಟಿಗೆ.

ಖರೀದಿಯಲ್ಲಿ ಎಲ್ಲ ಪವರ್ ಸಮಾನವಾಗಿ ತಂದರೆ ಆರನೇ ಶಿಬಿರಕ್ಕೆ +2.00 ಮುಗಿದು +3.00 ರಾಶಿ ಬಿದ್ದಿರುತ್ತದೆ. 550ರಲ್ಲಿ +1.00 ಮತ್ತು +3.00 ತಲಾ 55, +1.50 ಮತ್ತು +2.50 ತಲಾ 137, +2.00 ಅಂದರೆ 166 ಎಂದು ಶುರುಮಾಡಿ.

ಕೊಡುವಾಗ ಹೇಳಬೇಕಾದ್ದು ಎರಡೇ ಮಾತು. ಇದು ಕೂತು ಕೆಲಸ ಮಾಡುವಾಗ ಮಾತ್ರ, ಇದನ್ನು ಹಾಕಿಕೊಂಡು ಮೆಟ್ಟಿಲು ಇಳಿಯಬೇಡಿ. ಇದು ಮುದುಕಿ ಆದ ಲಕ್ಷಣವಲ್ಲ, ನಲವತ್ತಕ್ಕೆ ಎಲ್ಲರಿಗೂ ಬರುವುದು. ಎರಡನೆಯದನ್ನು ನಾವು ಹೇಳುವುದಕ್ಕಿಂತ ಆಗಲೇ ಕನ್ನಡಕ ಹಾಕಿ ಕೂತಿರುವ ಪಕ್ಕದ ಮನೆಯವರು ಹೇಳಿದರೆ ನಾಟುತ್ತದೆ.

ವೇದಿಕೆ, ಮುಖ್ಯ ಅತಿಥಿ, ಸಾಲಾಗಿ ಕರೆದು ಕೊಡುವುದು ಇವು ಬೇಡ. ಅಲ್ಲಿ ಪವರ್ ಅದಲುಬದಲಾಗುತ್ತದೆ, ಸರಿ ಕಾಣದಿದ್ದರೂ ಎಲ್ಲರೆದುರು ಬೇಡ ಎನ್ನಲು ಸಂಕೋಚ. ಆಟಿ ತಿಂಗಳ ಮಳೆಮೋಡದಲ್ಲಿ ಮನೆಯೊಳಗೆ ಬೆಳಕೇ ಇಲ್ಲದಿದ್ದರೆ ಕನ್ನಡಕದಿಂದ ಅರ್ಧ ಕೆಲಸವೇ ಆಗುವುದು, ಕೂರುವ ಜಾಗದ ಮೇಲೆ ಒಂದು ಎಲ್‌ಇಡಿ ಬಲ್ಬೂ ಬೇಕು.

7. ಆಯಿತೋ ಇಲ್ಲವೋ ಎಂದು ನೋಡುವುದು

ಹತ್ತೂ ಕಡೆ ಒಂದೇ ತಿಂಗಳಲ್ಲಿ ಹೇಗೂ ಆಗುವುದಿಲ್ಲ. ಆದ್ದರಿಂದ ಮೊದಲ ಐದು ಯಾವುದು ಎಂದು ಎಲ್ಲರೆದುರು ಚೀಟಿ ಎತ್ತಿ. ಯಾರಿಗೂ ಮೋಸ ಇಲ್ಲ, ಹೋಲಿಕೆಯ ಗುಂಪೂ ಸಿಕ್ಕಿತು. ಹತ್ತೂ ಕಡೆ ಒಂದೇ ವಾರದಲ್ಲಿ, ಒಂದು ಗಂಟೆಗೆ ಎಷ್ಟು ಬೀಡಿ, ವಾರದಲ್ಲಿ ತಿರಸ್ಕೃತ ಎಷ್ಟು ಎಂದು ಬರೆದುಕೊಳ್ಳಿ. ಎರಡು ತಿಂಗಳ ನಂತರ, ಉಳಿದ ಐದಕ್ಕೆ ಕೊಡುವ ಮೊದಲು, ಮತ್ತೊಮ್ಮೆ. ಐದೈದು ಜಾಗದಲ್ಲಿ ಸಣ್ಣ ವ್ಯತ್ಯಾಸ ಸಾಬೀತಾಗುವುದಿಲ್ಲ, ಆದರೆ ಏನೂ ಆಗಿಲ್ಲ ಎಂಬುದು ಅಡಗಿ ಕೂರುವುದೂ ಇಲ್ಲ.

ಮೂರನೇ ತಿಂಗಳ ಭೇಟಿ ಹೇಳದೆ ಹೋಗಬೇಕು. "ಕನ್ನಡಕ ಹಾಕ್ತೀರಾ?" ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ, ಮನೆಗೆ ಬಂದವರಿಗೆ ಬೇಸರ ಮಾಡುವುದುಂಟೇ? "ಕನ್ನಡಕ ಈಗ ಎಲ್ಲುಂಟು?" ಎಂದು ಕೇಳಿ. ಮೂಗಿನ ಮೇಲಿದ್ದರೆ, ತಡ್ಪೆಯಲ್ಲಿದ್ದರೆ ಒಂದು ಗುರುತು. ಕಪಾಟಿನಲ್ಲಿ ಪೆಟ್ಟಿಗೆಯೊಳಗೆ ಇದ್ದರೆ ಇನ್ನೊಂದು. ಅದನ್ನು ಹಾಕಿಕೊಂಡು ಗಂಡ ಪೇಪರ್ ಓದುತ್ತಿದ್ದರೆ ಮೂರನೆಯದು. ಅವರಿಗೂ ಬೇಕಿತ್ತು ಎಂದಾಯಿತು, ಮುಂದಿನ ಸಲ ಮನೆಗೆ ಎರಡು ಇಡಿ. ಕೆಲಸದಲ್ಲಿರುವುದು ಶೇ. 40ಕ್ಕಿಂತ ಕಡಿಮೆ ಬಂದರೆ ಮುಂದಿನ ಖರೀದಿ ನಿಲ್ಲಿಸುವುದು ಎಂಬ ನಿರ್ಣಯ ಶುರುವಿನಲ್ಲೇ ಪುಸ್ತಕದಲ್ಲಿ ಬರೆದು ಸಹಿ ಹಾಕಿರಬೇಕು. ಶಿಬಿರದ ನಂತರ ಯಾರೂ ಅಂಥ ನಿರ್ಣಯ ಮಾಡುವುದಿಲ್ಲ.

8. ಸ್ವತಃ ಮಾಡದೆ ಬೇರೆಯವರಿಗೆ ಕೊಡುವುದಾದರೆ

ದುಡ್ಡು ದೂರ ಹೋದಷ್ಟೂ ಹೆಚ್ಚು ಕೆಲಸ ಮಾಡುವುದುಂಟು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57, ಯಾದಗಿರಿಯದ್ದು ಶೇ. 51.83. ನಮ್ಮಲ್ಲಿ ಮೂರನೇ ಬ್ಯಾನರ್ ಆಗುವ ದುಡ್ಡು ಅಲ್ಲಿ ಮೊದಲನೆಯದು. ಇನ್ನೂ ದೂರ ನೋಡುವವರಿಗೆ, 2007ರಲ್ಲಿ ಅಮೆರಿಕದಲ್ಲಿ ಶುರುವಾದ ಗಿವ್‌ವೆಲ್ ಎಂಬ ಸಂಸ್ಥೆ ಯಾವ ಕೆಲಸಕ್ಕೆ ಎಷ್ಟು ಖರ್ಚಿನಲ್ಲಿ ಎಷ್ಟು ಫಲ ಎಂದು ಲೆಕ್ಕವನ್ನೇ ಬಿಚ್ಚಿಡುತ್ತದೆ. ಅವರ ಅತ್ಯುತ್ತಮ ಪಟ್ಟಿಯಲ್ಲೂ ಒಂದು ಜೀವ ಉಳಿಸಲು ಕೆಲವು ಸಾವಿರ ಡಾಲರ್ ಬೇಕು. "ನೂರು ರೂಪಾಯಿಗೆ ಒಂದು ಜೀವ" ಎನ್ನುವ ಪೋಸ್ಟರನ್ನು ಅಳೆಯಲು ಈ ಅಳತೆ ಉಪಯೋಗಕ್ಕೆ ಬರುತ್ತದೆ. ವೈಯಕ್ತಿಕವಾಗಿ ಎಷ್ಟು ಕೊಡಬೇಕು ಎಂಬುದಕ್ಕೆ, ಆಕ್ಸ್‌ಫರ್ಡಿನಲ್ಲಿ ಟೋಬಿ ಆರ್ಡ್ 2009ರಲ್ಲಿ ಆರಂಭಿಸಿದ ಪ್ರತಿಜ್ಞೆ ಆದಾಯದ ಹತ್ತನೇ ಒಂದು ಪಾಲು ಎನ್ನುತ್ತದೆ. ಚರ್ಚಿನ ದಶಮಾಂಶ, ಮುಸ್ಲಿಮರ ಝಕಾತ್ ಗೊತ್ತಿರುವ ಊರಿಗೆ ಇದು ಹೊಸತೇನಲ್ಲ.

ಸಂಸ್ಥೆಯನ್ನು ಕೇಳಬೇಕಾದ್ದು ಮೂರು: ಇನ್ನೂ ₹2 ಲಕ್ಷ ಬಂದರೆ ಈಗ ಮಾಡದ ಏನನ್ನು ಮಾಡುತ್ತೀರಿ, ಕಳೆದ ವರ್ಷ ಯಾವುದು ಕೆಲಸ ಮಾಡಲಿಲ್ಲ, ಒಬ್ಬ ಫಲಾನುಭವಿಗೆ ಎಲ್ಲ ಸೇರಿ ಎಷ್ಟು ಖರ್ಚು. ಎರಡನೆಯದಕ್ಕೆ "ಎಲ್ಲವೂ ಯಶಸ್ವಿ" ಎಂಬ ಉತ್ತರ ಬಂದರೆ ಅಳೆಯುವವರು ಅಲ್ಲಿಲ್ಲ ಎಂದರ್ಥ. ಆಡಳಿತ ವೆಚ್ಚ ಶೇಕಡಾ ಎಷ್ಟು ಎಂಬ ಒಂದೇ ಪ್ರಶ್ನೆಗೆ ಜೋತುಬೀಳಬೇಡಿ. ಕನ್ನಡಕದ ಲೆಕ್ಕದಲ್ಲಿ ಮನೆಭೇಟಿಯ ₹12,000 ಆಡಳಿತ ವೆಚ್ಚವೇ, ಅದಿಲ್ಲದಿದ್ದರೆ ಉಳಿದ ದುಡ್ಡು ಕಪಾಟಿಗೆ ಹೋಯಿತೋ ಎಂದು ತಿಳಿಯುವುದೇ ಇಲ್ಲ.

ಕಾಗದಪತ್ರ. 80ಜಿ ಎಂದು ಎಲ್ಲರೂ ಕರೆಯುವ, ದೇಣಿಗೆ ಕೊಟ್ಟವರಿಗೆ ಸಿಗುವ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ, ಹೊಸ ಪದ್ಧತಿಯಲ್ಲಿ ಇಲ್ಲ. ₹2,000 ಮೀರಿದ ನಗದಿಗೂ ಇಲ್ಲ. ನಿಮ್ಮ ಸಂಘಕ್ಕೆ ಆ ಅನುಮೋದನೆ ಇಲ್ಲದಿದ್ದರೆ ರಶೀದಿಯಲ್ಲಿ ಅದನ್ನು ಮುದ್ರಿಸಬೇಡಿ. ಗಲ್ಫಿನವರ ದುಡ್ಡಿನ ಬಗ್ಗೆ ಒಂದು ಎಚ್ಚರಿಕೆ: ಭಾರತೀಯ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ, ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ಕಾನೂನಿನ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ಅವರಿಗೆ ಖಾತೆ ಸಂಖ್ಯೆ ಕಳಿಸುವ ಮೊದಲೇ ಪಾಸ್‌ಪೋರ್ಟ್ ಯಾವುದು ಎಂದು ಕೇಳಿಕೊಳ್ಳಿ.